ಅವಧಾನ, ಕಾರ್ಯಾಂತರ ಮತ್ತು ಮನಸ್ಸಿನ ದಣಿವು

ಒಂದೇ ಹೊತ್ತಿನಲ್ಲಿ ಹಲವು ಕೆಲಸಗಳನ್ನು ನಿಭಾಯಿಸುವವರನ್ನು ಕಂಡಾಗ ‘ಅವರು ಅಷ್ಟಾವಧಾನಿಗಳು’ ಎಂದು ಹೊಗಳುವ ವಾಡಿಕೆ ನಮ್ಮಲ್ಲುಂಟು. ಮನೆವಾರ್ತೆಯನ್ನೂ ಉದ್ಯೋಗವನ್ನೂ ತೂಗಿಸಿಕೊಂಡು ಹೋಗುವ ಗೃಹಿಣಿಗೂ, ಎರಡು ಫೋನುಗಳ ನಡುವೆ ಕಡತಕ್ಕೆ ರುಜು ಹಾಕುವ ಅಧಿಕಾರಿಗೂ ಈ ಬಿರುದು ಸುಲಭವಾಗಿ ದೊರೆಯುತ್ತದೆ. ‘ಮಲ್ಟಿಟಾಸ್ಕಿಂಗ್’ ಎಂಬ ಇಂಗ್ಲಿಷ್ ಮಾತು ಇದೇ ಅರ್ಥದಲ್ಲಿ ಈಗ ನಮ್ಮ ಆಡುಮಾತಿನೊಳಕ್ಕೂ ಬಂದು ಸೇರಿದೆ. ಕೆಲಸಕ್ಕೆ ಅರ್ಜಿ ಹಾಕುವ ತರುಣರು ಅದನ್ನು ತಮ್ಮ ಅರ್ಹತೆಗಳಲ್ಲೊಂದೆಂದು ಬರೆದುಕೊಳ್ಳುವುದನ್ನೂ ಕಾಣುತ್ತೇವೆ. ಮನಸ್ಸು ನಿಜವಾಗಿಯೂ ಹೀಗೆ ಕೆಲಸ ಮಾಡುತ್ತದೆಯೇ, ಮಾಡದಿದ್ದಲ್ಲಿ ಹಾಗೆ ಮಾಡಿಸುವುದಕ್ಕೆ ತೆರಬೇಕಾದ ಬೆಲೆ ಯಾವುದು ಎಂಬ ಎರಡು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿಚಾರಮಾಡಲು ಉದ್ದೇಶಿಸಿದ್ದೇವೆ. ಎರಡನೆಯ ಪ್ರಶ್ನೆಗೆ ‘ಕಾಲವ್ಯಯ’ ಎಂದು ಉತ್ತರ ಹೇಳಿ ಮುಗಿಸುವುದು ಸಾಮಾನ್ಯ. ಅದು ಅರ್ಧ ಉತ್ತರವೆಂದೂ, ಬೆಲೆಯ ಹೆಚ್ಚಿನ ಪಾಲನ್ನು ನಾವು ಗಡಿಯಾರದ ಲೆಕ್ಕದಲ್ಲಿ ಅಲ್ಲ, ಮನಸ್ಸಿನ ನೆಮ್ಮದಿಯ ಲೆಕ್ಕದಲ್ಲಿ ತೆರುತ್ತಿದ್ದೇವೆಂದೂ ನಮ್ಮ ಅಭಿಪ್ರಾಯ.

‘ಮಲ್ಟಿಟಾಸ್ಕಿಂಗ್’ ಎಂಬುದು ಮೊದಲಿಗೆ ಮನುಷ್ಯರ ವಿಷಯದಲ್ಲಿ ಹುಟ್ಟಿದ ಮಾತೇ ಅಲ್ಲ. 1960ರ ದಶಕದಲ್ಲಿ ಕಂಪ್ಯೂಟರುಗಳನ್ನು ನಿರ್ಮಿಸುತ್ತಿದ್ದವರು ಯಂತ್ರದ ಒಂದು ಗುಣವನ್ನು ಹೇಳಲು ಇದನ್ನು ಬಳಸಿದರು. ಅಂದಿನ ಯಂತ್ರದಲ್ಲಿ ಗಣಿಸುವ ಘಟಕ ಒಂದೇ ಇರುತ್ತಿತ್ತು. ಅದು ಒಂದು ಕೆಲಸವನ್ನು ಕ್ಷಣಾಂಶದಷ್ಟು ಹೊತ್ತು ಮಾಡಿ, ಅದರ ಸ್ಥಿತಿಯನ್ನು ಸ್ಮೃತಿಕೋಶದಲ್ಲಿ ಇರಿಸಿ, ಮತ್ತೊಂದನ್ನು ಕೈಗೆತ್ತಿಕೊಳ್ಳುತ್ತಿತ್ತು. ಮಾರ್ಪಾಟು ಅತಿ ಶೀಘ್ರವಾಗಿ ನಡೆಯುತ್ತಿದ್ದುದರಿಂದ ನೋಡುವವರಿಗೆ ಎಲ್ಲವೂ ಏಕಕಾಲದಲ್ಲಿ ಸಾಗುತ್ತಿರುವಂತೆ ತೋರುತ್ತಿತ್ತು. ಹೊತ್ತ ಕೆಲಸಗಳು ಮಿತಿಮೀರಿದಾಗ ಯಂತ್ರವು ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುವುದರಲ್ಲಿಯೇ ತನ್ನ ಶಕ್ತಿಯನ್ನೆಲ್ಲ ಕಳೆದು, ಯಾವ ಕೆಲಸವೂ ಮುಂದುವರಿಯದ ಅವಸ್ಥೆಯನ್ನು ತಲುಪುವುದೂ ಆಗ ಕಂಡುಬಂದಿತು. ಮನುಷ್ಯನನ್ನು ಯಂತ್ರಕ್ಕೆ ಹೋಲಿಸುವಾಗ ಎಚ್ಚರ ಬೇಕು, ನಿಜ. ಆದರೆ ಈ ಹೋಲಿಕೆಯಲ್ಲಿ ಜನ ಮರೆತಿರುವ ಅಂಶವೇ ಮುಖ್ಯವಾದುದು: ಯಂತ್ರವೂ ಎರಡನ್ನು ಒಟ್ಟಿಗೆ ಮಾಡುತ್ತಿರಲಿಲ್ಲ, ಬೇಗ ಬೇಗನೆ ಬದಲಾಯಿಸಿಕೊಳ್ಳುತ್ತಿತ್ತು. ಹೀಗೆ ಒಂದು ಕೆಲಸದಿಂದ ಮತ್ತೊಂದಕ್ಕೆ ಹಾಯುವುದನ್ನು ನಾವು ಇಲ್ಲಿ ‘ಕಾರ್ಯಾಂತರ’ ಎಂದು ಕರೆಯೋಣ.

ಕಾರ್ಯಾಂತರಕ್ಕೆ ಹೊತ್ತು ಹಿಡಿಯುತ್ತದೆಂಬುದನ್ನು ಪ್ರಯೋಗದಿಂದ ತೋರಿಸಿದವರಲ್ಲಿ ಅಮೆರಿಕದ ಆರ್ಥರ್ ಜೆರ್ಸಿಲ್ಡ್ ಮೊದಲಿಗರು. 1927ರಲ್ಲಿ ಪ್ರಕಟವಾದ ಅವರ ಪ್ರಬಂಧದ ವಿಧಾನ ಎಷ್ಟು ಸರಳವೆಂದರೆ, ಯಾವ ಉಪಕರಣವೂ ಇಲ್ಲದ ಕಾಲೇಜಿನಲ್ಲಿಯೂ ಅದನ್ನು ಮಾಡಿನೋಡಬಹುದು. ಎರಡಂಕಿಯ ಸಂಖ್ಯೆಗಳನ್ನು ಕಂಬಸಾಲಾಗಿ ಬರೆದುಕೊಡುವುದು. ಮೊದಲ ಸಾಲಿನಲ್ಲಿ ಪ್ರತಿಯೊಂದು ಸಂಖ್ಯೆಗೂ 6ನ್ನು ಕೂಡಬೇಕು. ಎರಡನೆಯದರಲ್ಲಿ ಪ್ರತಿಯೊಂದರಿಂದಲೂ 3ನ್ನು ಕಳೆಯಬೇಕು. ಮೂರನೆಯದರಲ್ಲಿ ಒಂದಕ್ಕೆ ಕೂಡಿ, ಮುಂದಿನದರಿಂದ ಕಳೆದು, ಹೀಗೆ ಬಿಟ್ಟು ಬಿಟ್ಟು ಮಾಡಬೇಕು. ಕೂಡುವುದೂ ಕಳೆಯುವುದೂ ಪ್ರಾಥಮಿಕ ಶಾಲೆಯ ಲೆಕ್ಕಗಳು. ಆದರೂ ಮೂರನೆಯ ಸಾಲಿಗೆ ಹಿಡಿಯುವ ಕಾಲವು ಮೊದಲೆರಡರ ಸರಾಸರಿಗಿಂತ ಸ್ಪಷ್ಟವಾಗಿ ಹೆಚ್ಚುತ್ತದೆ. ಲೆಕ್ಕ ಕಠಿನವಾದುದರಿಂದಲ್ಲ, ‘ಈಗ ಯಾವ ನಿಯಮ?’ ಎಂದು ಪ್ರತಿ ಹೆಜ್ಜೆಗೂ ಮನಸ್ಸು ತನ್ನನ್ನು ತಾನು ಹೊಂದಿಸಿಕೊಳ್ಳಬೇಕಾಗುವುದರಿಂದ.

ಜೆರ್ಸಿಲ್ಡರ ಪ್ರಬಂಧದಲ್ಲಿ ಇನ್ನೊಂದು ಫಲಿತಾಂಶವಿದೆ. ಅದನ್ನು ಸ್ಮರಿಸುವವರು ಕಡಿಮೆ. ಒಂದು ಸಂಖ್ಯೆ, ಒಂದು ಶಬ್ದ, ಮತ್ತೆ ಸಂಖ್ಯೆ, ಮತ್ತೆ ಶಬ್ದ ಎಂದು ಪಟ್ಟಿಯನ್ನು ಬೆರಸಿ, ಸಂಖ್ಯೆ ಬಂದಾಗ ಕಳೆಯುವುದು, ಶಬ್ದ ಬಂದಾಗ ಅದರ ವಿರುದ್ಧಪದವನ್ನು ಹೇಳುವುದು ಎಂದು ಗೊತ್ತುಮಾಡಿದಾಗ ಈ ಹೆಚ್ಚಿನ ಹೊತ್ತು ಬಹುಮಟ್ಟಿಗೆ ಇಲ್ಲವಾಯಿತು. ಏಕೆಂದರೆ ಇಲ್ಲಿ ವಸ್ತುವೇ ತನ್ನ ನಿಯಮವನ್ನು ಕೂಗಿ ಹೇಳುತ್ತದೆ. ಕೆಲಸಗಳ ಎಣಿಕೆಯೇ ದಣಿವಿಗೆ ಕಾರಣವಲ್ಲ, ಒಂದೇ ಸಾಮಗ್ರಿಯ ಮೇಲೆ ಎರಡು ನಿಯಮಗಳು ಹಕ್ಕು ಹೂಡುವುದೇ ಕಾರಣವೆಂಬುದು ಇದರಿಂದ ತಿಳಿಯುತ್ತದೆ. ಹಾಡುತ್ತ ತಾಳ ಹಾಕುವ ಗಾಯಕರನ್ನು ಎರಡು ಕೆಲಸ ಮಾಡುವವರೆಂದು ನಾವು ಎಣಿಸುವುದಿಲ್ಲ, ತಾಳವು ಹಾಡಿನೊಳಗಿನದೇ. ಅಡುಗೆಮನೆಯ ನಿದರ್ಶನವನ್ನೂ ಇಲ್ಲಿಯೇ ನೋಡಬಹುದು. ಕುಕ್ಕರಿನಲ್ಲಿ ಅನ್ನ, ಪಕ್ಕದ ಒಲೆಯಲ್ಲಿ ಸಾರು, ಮಿಕ್ಸಿಯಲ್ಲಿ ಚಟ್ನಿ ಎಂದಾಗ ಹೊರನೋಟಕ್ಕೆ ಮೂರು ಕೆಲಸಗಳಿವೆ. ಆದರೆ ಅನ್ನದ ಯೋಚನೆಯನ್ನು ಕುಕ್ಕರಿನ ಕೂಗು ಹೊತ್ತುಕೊಂಡಿದೆ, ಸಾರಿನ ಯೋಚನೆಯನ್ನು ಅದರ ಪರಿಮಳ ಹೊತ್ತುಕೊಂಡಿದೆ. ಅಡುಗೆಯವರ ಮನಸ್ಸಿಗೆ ಉಳಿದಿರುವುದು ಒಂದೇ. ಅದೇ ವೇಳೆಗೆ ಮಗುವಿನ ಶಾಲೆಯ ಶುಲ್ಕದ ವಿಚಾರವಾಗಿ ಫೋನಿನಲ್ಲಿ ವಾದ ಮಾಡಬೇಕಾಗಿ ಬಂದರೆ ಸಾರಿಗೆ ಉಪ್ಪು ಹಾಕಿದ್ದೇವೆಯೋ ಇಲ್ಲವೋ ಎಂಬುದು ಮರೆತುಹೋಗುತ್ತದೆ. ಗೃಹಕೃತ್ಯದ ಅನುಭವವನ್ನು ಮುಂದಿಟ್ಟು ‘ಹೆಂಗಸರಿಗೆ ಇದು ಸ್ವಭಾವಸಿದ್ಧ’ ಎನ್ನುವವರು ಈ ಭೇದವನ್ನು ಗಮನಿಸಿದಂತಿಲ್ಲ. ಆ ಹೊಗಳಿಕೆಯ ನೆವದಲ್ಲಿ ಅವರ ಮೇಲೆ ಇನ್ನಷ್ಟು ಹೊರೆ ಹೇರುವುದು ಸುಲಭವಾಗುತ್ತದೆಂಬುದನ್ನೂ ಹೇಳಬೇಕಾಗಿದೆ.

ಇಂಗ್ಲೆಂಡಿನ ರಾಬರ್ಟ್ ರೋಜರ್ಸ್ ಮತ್ತು ಸ್ಟೀಫನ್ ಮಾನ್ಸೆಲ್ 1995ರಲ್ಲಿ ಈ ವಿಷಯವನ್ನು ಇನ್ನೂ ಸೂಕ್ಷ್ಮವಾಗಿ ಪರೀಕ್ಷಿಸಿದರು. ತೆರೆಯ ಮೇಲೆ ಒಂದು ಅಕ್ಷರ ಮತ್ತು ಒಂದು ಅಂಕಿ ಜೊತೆಯಾಗಿ ಕಾಣಿಸುತ್ತವೆ. ಎರಡು ಬಾರಿ ಅಕ್ಷರವು ಸ್ವರವೋ ವ್ಯಂಜನವೋ ಎಂದು ಹೇಳಬೇಕು. ಮುಂದಿನ ಎರಡು ಬಾರಿ ಅಂಕಿಯು ಸಮವೋ ಬೆಸವೋ ಎಂದು ಹೇಳಬೇಕು. ಬದಲಾವಣೆ ಯಾವಾಗ ಬರುವುದೆಂಬುದು ಮೊದಲೇ ಗೊತ್ತು. ಅಣಿಯಾಗಲು ಸಾಕಷ್ಟು ಬಿಡುವು ಕೊಟ್ಟಾಗ ವಿಳಂಬವು ತಗ್ಗಿತು. ಆದರೆ ಪೂರ್ತಿಯಾಗಿ ಹೋಗಲಿಲ್ಲ. ಎಷ್ಟೇ ಸನ್ನದ್ಧನಾಗಿದ್ದರೂ ಹೊಸ ಕೆಲಸದ ಮೊದಲ ಹೆಜ್ಜೆಯನ್ನು ಇಟ್ಟಲ್ಲದೆ ಮನಸ್ಸು ಹಳೆಯದನ್ನು ಸಂಪೂರ್ಣವಾಗಿ ಬಿಡುವುದಿಲ್ಲವೆಂದು ಇದರಿಂದ ಊಹಿಸಬೇಕಾಗಿದೆ.

ಇಷ್ಟು ಕಾಲದ ಮಾತಾಯಿತು. ಈ ವಿಳಂಬಗಳು ಸೆಕೆಂಡಿನ ಭಾಗಗಳಷ್ಟು. ಇಡೀ ದಿನದಲ್ಲಿ ಕೂಡಿಸಿದರೂ ಅವು ಇಷ್ಟೊಂದು ದಣಿವನ್ನು ಹುಟ್ಟಿಸಲಾರವು ಎಂದು ವಾಚಕರು ಆಕ್ಷೇಪಿಸಬಹುದು. ಆಕ್ಷೇಪಣೆ ನ್ಯಾಯವಾದುದೇ. ಇದಕ್ಕೆ ಸಮಾಧಾನವನ್ನು ಗ್ಲೋರಿಯಾ ಮಾರ್ಕ್ ಮತ್ತು ಅವರ ಸಹೋದ್ಯೋಗಿಗಳು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹುಡುಕಬೇಕು. ಅವರು ಕೆಲವರಿಗೆ ಕಛೇರಿಯ ಪತ್ರಗಳಿಗೆ ಉತ್ತರ ಬರೆಯುವ ಕೆಲಸವನ್ನು ಕೊಟ್ಟು, ಕೆಲವು ಬಾರಿ ನಡುನಡುವೆ ಪ್ರಶ್ನೆಗಳಿಂದ ತಡೆದರು, ಕೆಲವು ಬಾರಿ ತಡೆಯದೆ ಬಿಟ್ಟರು. ತಡೆಗೊಳಗಾದವರು ಕೆಲಸವನ್ನು ತಡವಾಗಿ ಮುಗಿಸುವರೆಂದು ಯಾರಾದರೂ ಎಣಿಸುತ್ತಾರೆ. ಆದುದು ಇದಕ್ಕೆ ವಿರುದ್ಧ: ಅವರು ಬೇಗನೆ ಮುಗಿಸಿದರು, ಕೆಲಸದ ಗುಣದಲ್ಲಿಯೂ ಕೊರತೆ ಕಾಣಲಿಲ್ಲ. ಆದರೆ ಒತ್ತಡ, ಹತಾಶೆ, ಸಮಯ ಸಾಲದೆಂಬ ಭಾವನೆ, ಪಟ್ಟ ಪ್ರಯಾಸ ಇವೆಲ್ಲವನ್ನೂ ಹೆಚ್ಚಾಗಿ ಅನುಭವಿಸಿದುದಾಗಿ ಅವರು ತಿಳಿಸಿದರು. ಹೀಗಾಗುವುದಕ್ಕೆ 20 ನಿಮಿಷಗಳ ಅಡಚಣೆಯೇ ಸಾಕಾಗಿತ್ತು.

ಈ ಫಲಿತಾಂಶದ ಮೇಲೆ ನಾವು ಸ್ವಲ್ಪ ನಿಲ್ಲಬೇಕು. ತಡೆಗೆ ಒಳಗಾದ ಮನುಷ್ಯನು ಕಳೆದುಹೋದ ಹೊತ್ತನ್ನು ತನ್ನ ವೇಗದಿಂದ ತುಂಬಿಕೊಡುತ್ತಾನೆ. ಹೊರಗಿನಿಂದ ಅಳೆಯುವವರಿಗೆ ನಷ್ಟವೇ ಕಾಣುವುದಿಲ್ಲ; ಕಡತ ಮುಗಿದಿದೆ, ಅಂಕಪಟ್ಟಿ ಸೇರಿದೆ, ವರದಿ ಹೋಗಿದೆ. ಮೇಲಧಿಕಾರಿಯ ದೃಷ್ಟಿಯಲ್ಲಿ ಪದ್ಧತಿ ಸಮರ್ಪಕವಾಗಿಯೇ ನಡೆಯುತ್ತಿದೆ. ನಷ್ಟದ ಲೆಕ್ಕವಿರುವುದು ಕೆಲಸ ಮಾಡಿದವನ ಮೈಮನಸ್ಸುಗಳಲ್ಲಿ. ಅದನ್ನು ಯಾವ ಮಾಸಿಕ ತಖ್ತೆಯಲ್ಲಿಯೂ ಬರೆಯುವ ಅಂಕಣವಿಲ್ಲ. ಸಂಜೆಗೆ ಮನೆಗೆ ಬಂದ ಅಧ್ಯಾಪಕನು ‘ಇಂದು ಏನೂ ಮಾಡಲಿಲ್ಲ, ಆದರೂ ದಣಿದಿದ್ದೇನೆ’ ಎಂದರೆ ಅದು ಸೋಮಾರಿತನದ ಮಾತೆಂದು ನಾವು ನಗಬಾರದು. ಆತ ಬಹಳ ಮಾಡಿದ್ದಾನೆ. ಮಾಡಿದುದರಲ್ಲಿ ಯಾವೊಂದನ್ನೂ ಮುಗಿಸಿದ ತೃಪ್ತಿ ಅವನಿಗೆ ದೊರೆತಿಲ್ಲ.

ಮುಗಿಯದ ಕೆಲಸವು ಮನಸ್ಸನ್ನು ಕಾಡುವ ಬಗೆಯನ್ನು ಮನಶ್ಶಾಸ್ತ್ರಜ್ಞರು ಬಹುಕಾಲದಿಂದ ಬಲ್ಲರು. ಬರ್ಲಿನ್ನಿನಲ್ಲಿ ಕುರ್ಟ್ ಲೆವಿನ್ನರ ಶಿಷ್ಯೆಯಾಗಿದ್ದ ಬ್ಲೂಮಾ ಝೈಗಾರ್ನಿಕ್ 1927ರಲ್ಲಿ, ನಡುವೆ ತಡೆದ ಕೆಲಸಗಳು ಮುಗಿಸಿದ ಕೆಲಸಗಳಿಗಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿಯುತ್ತವೆಂದು ವರದಿಮಾಡಿದರು. ಪಠ್ಯಪುಸ್ತಕಗಳೆಲ್ಲ ಇದನ್ನು ಹೇಳುತ್ತವೆ. ಆದರೆ ನಂತರದ ಪ್ರಯೋಗಗಳು ಎಲ್ಲೆಡೆಯೂ ಇದನ್ನು ಎತ್ತಿಹಿಡಿದಿಲ್ಲವೆಂಬುದನ್ನು ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು. ಅದೇ ಗುಂಪಿನ ಮಾರಿಯಾ ಓವ್ಸಿಯಾಂಕಿನಾ 1928ರಲ್ಲಿ ತೋರಿಸಿದ ಅಂಶ, ಎಂದರೆ ತಡೆದ ಕೆಲಸಕ್ಕೆ ಯಾರೂ ಹೇಳದಿದ್ದರೂ ಮರಳುವ ಎಳೆತ, ಹೆಚ್ಚು ಗಟ್ಟಿಯಾಗಿ ನಿಂತಿದೆ. ಈ ಎಳೆತವೇ ಮುಂದಿನ ಕೆಲಸಕ್ಕೆ ತೊಡಕಾಗುತ್ತದೆ. ಸೋಫಿ ಲೆರಾಯ್ 2009ರಲ್ಲಿ ಇದಕ್ಕೆ ಕೊಟ್ಟ ಹೆಸರನ್ನು ಕನ್ನಡದಲ್ಲಿ ‘ಅವಧಾನಶೇಷ’ ಎನ್ನಬಹುದು: ದೇಹ ಎರಡನೆಯ ಕೆಲಸದ ಮುಂದೆ ಕುಳಿತಿದ್ದರೂ ಗಮನದ ಒಂದು ಪಾಲು ಮೊದಲನೆಯದರಲ್ಲಿಯೇ ಉಳಿದಿರುತ್ತದೆ. ಮೊದಲನೆಯದನ್ನು ಗೊತ್ತಾದ ಅವಧಿಯೊಳಗೆ ಮುಗಿಸಿ ಎದ್ದವರಲ್ಲಿ ಈ ಶೇಷ ಕಡಿಮೆಯಾಗಿತ್ತು.

ಎಲ್ಲ ಕೆಲಸವನ್ನೂ ಮುಗಿಸಿಯೇ ಏಳುವ ಭಾಗ್ಯ ಯಾರಿಗಿದೆ? ಮ್ಯಾಸಿಕ್ಯಾಂಪೊ ಮತ್ತು ಬೌಮೈಸ್ಟರ್ ಎಂಬವರು 2011ರಲ್ಲಿ ಕಂಡ ಸಂಗತಿ ಇಲ್ಲಿ ಉಪಯುಕ್ತವಾಗಿದೆ. ಈಡೇರದ ಗುರಿಯೊಂದು ಮನಸ್ಸಿನಲ್ಲಿರುವಾಗ ಓದಲು ಕುಳಿತವರ ಓದಿನ ನಡುವೆ ಆ ಗುರಿ ಮತ್ತೆ ಮತ್ತೆ ನುಗ್ಗುತ್ತಿತ್ತು. ಆದರೆ ಅದನ್ನು ಯಾವಾಗ, ಎಲ್ಲಿ, ಹೇಗೆ ಮಾಡುವೆವೆಂದು ಖಚಿತವಾಗಿ ಯೋಜಿಸಿದವರಲ್ಲಿ, ಕೆಲಸ ಇನ್ನೂ ಆಗದೆಯೇ ಇದ್ದರೂ, ಈ ಕಾಟ ನಿಂತಿತು. ಲೆರಾಯ್ ತಮ್ಮ ಸಹೋದ್ಯೋಗಿಯೊಡನೆ 2018ರಲ್ಲಿ ಪ್ರಕಟಿಸಿದ ಕೆಲಸವೂ ಇದೇ ದಿಕ್ಕಿನದು: ಅಡಚಣೆ ಬಂದೊಡನೆ, ‘ಎಲ್ಲಿ ನಿಲ್ಲಿಸಿದೆ, ಮರಳಿ ಬಂದು ಮೊದಲು ಏನು ಮಾಡಬೇಕು’ ಎಂಬುದನ್ನು ಒಂದೆರಡು ಮಾತಿನಲ್ಲಿ ಗುರುತುಹಾಕಿಕೊಂಡವರು ಹೊಸ ಕೆಲಸಕ್ಕೆ ಹೆಚ್ಚು ನಿರಾಳವಾಗಿ ಹಾಯ್ದರು. ಪುಸ್ತಕದ ಹಾಳೆಗಳ ನಡುವೆ ನವಿಲುಗರಿ ಇಟ್ಟು ಏಳುತ್ತಿದ್ದವರಿಗೆ ಇದು ಹೊಸದಲ್ಲ.

ಈಗ ನಾವು ಆರಂಭದ ಹೊಗಳಿಕೆಗೆ ಮರಳಬಹುದು. ಅಷ್ಟಾವಧಾನಿಯು ನಿಜವಾಗಿ ಎಂಟು ಕೆಲಸಗಳನ್ನು ಒಟ್ಟಿಗೆ ಮಾಡುತ್ತಾನೆಯೇ? ಸಂಸ್ಕೃತ, ತೆಲುಗು ಭಾಷೆಗಳಲ್ಲಿ ವಿಶೇಷವಾಗಿ ಬೆಳೆದ ಈ ಕಲೆಯನ್ನು ಕನ್ನಡದಲ್ಲಿ 1980ರ ದಶಕದಿಂದ ಪ್ರಸಿದ್ಧಿಗೆ ತಂದವರು ಶತಾವಧಾನಿ ಆರ್. ಗಣೇಶರು. ಸಭೆಯಲ್ಲಿ ಅವಧಾನಿಯ ಸುತ್ತ ಎಂಟು ಮಂದಿ ಪೃಚ್ಛಕರು ಕುಳಿತಿರುತ್ತಾರೆ. ನಿಷೇಧಾಕ್ಷರಿಯವರು ಅವಧಾನಿ ಉಚ್ಚರಿಸಿದ ಒಂದೊಂದು ಅಕ್ಷರದ ಮುಂದೆಯೂ ‘ಇಂಥ ಅಕ್ಷರ ಬರಬಾರದು’ ಎಂದು ತಡೆಯುತ್ತಾರೆ. ಸಮಸ್ಯೆಯವರು ಅಸಂಬದ್ಧವಾಗಿ ತೋರುವ ಒಂದು ಪಾದವನ್ನು ಕೊಟ್ಟು ಪದ್ಯವನ್ನು ಪೂರೈಸಲು ಹೇಳುತ್ತಾರೆ. ದತ್ತಪದಿಯವರು ಪದ್ಯಕ್ಕೆ ಎಲ್ಲಿಯೂ ಹೊಂದದಂತಹ ಪದಗಳನ್ನು ಒಡ್ಡುತ್ತಾರೆ. ಚಿತ್ರಕವಿತೆ, ಆಶುಕವಿತೆ, ಕಾವ್ಯವಾಚನಗಳಿವೆ. ಸಂಖ್ಯಾಬಂಧದವರು 25 ಮನೆಗಳ ಚೌಕದಲ್ಲಿ ಯಾವುದೋ ಒಂದು ಮನೆಯ ಅಂಕಿಯನ್ನು ಬೇಕೆಂದಾಗ ಕೇಳುತ್ತಾರೆ. ಕೊನೆಗೆ ಪ್ರತಿ ಸಾಲಿನ ಮೊತ್ತವೂ ಹೇಳಿದ ಸಂಖ್ಯೆಗೆ ಸರಿಹೋಗಬೇಕು. ಇವರೆಲ್ಲರ ನಡುವೆ ಅಪ್ರಸ್ತುತ ಪ್ರಸಂಗದವರು ಯಾವ ಘಳಿಗೆಯಲ್ಲಾದರೂ ಬಾಯಿಹಾಕಿ, ಹಾಸ್ಯದ ಪ್ರಶ್ನೆಗಳಿಂದ ಅವಧಾನಿಯ ಗಮನವನ್ನು ಕದಲಿಸಲು ಯತ್ನಿಸುತ್ತಾರೆ. ಬರೆದುಕೊಳ್ಳಲು ಅವಧಾನಿಯ ಬಳಿ ಕಾಗದವಿಲ್ಲ, ಲೇಖನಿಯಿಲ್ಲ.

ನೋಡಿದವರಿಗೆ ಇದು ಕೆಲಸಗಳ ಸಂಕರದಂತೆಯೇ ಕಾಣುತ್ತದೆ. ಆದರೆ ಅದರ ರಚನೆಯನ್ನು ಬಿಡಿಸಿ ನೋಡಬೇಕು. ಪದ್ಯದ ಪೃಚ್ಛಕರು ಸರದಿಯಂತೆ ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ. ಒಂದು ಸುತ್ತಿಗೆ ಪ್ರತಿಯೊಂದು ಪದ್ಯದ ಒಂದು ಪಾದ, ನಾಲ್ಕು ಸುತ್ತುಗಳಿಗೆ ಪದ್ಯ ಪೂರ್ಣ. ಎಂದರೆ ಕಾರ್ಯಾಂತರವು ಎಲ್ಲೆಂದರಲ್ಲಿ ಆಗುವುದಿಲ್ಲ, ಪಾದಾಂತ್ಯವೆಂಬ ಸಹಜವಾದ ಸಂಧಿಯಲ್ಲಿ ಆಗುತ್ತದೆ. ನಿಲ್ಲಿಸಿದ ಜಾಗವನ್ನು ಛಂದಸ್ಸೇ ಗುರುತುಹಾಕಿ ಇಟ್ಟಿರುತ್ತದೆ. ಮುಂದಿನ ಸುತ್ತು ಯಾವಾಗ ಬರುವುದೆಂಬುದು ನಿಶ್ಚಿತವಾಗಿರುವುದರಿಂದ ಬಿಟ್ಟ ಪದ್ಯವು ನಡುವೆ ಕಾಡಬೇಕಾದ ಕಾರಣವಿಲ್ಲ. ಯಾವಾಗ ಬೇಕಾದರೂ ನುಗ್ಗುವ ಹಕ್ಕುಳ್ಳವರು ಸಂಖ್ಯಾಬಂಧ ಮತ್ತು ಅಪ್ರಸ್ತುತ ಪ್ರಸಂಗದವರು ಮಾತ್ರ. ಸಂಖ್ಯಾಬಂಧದವರಿಗೆ ಬೇಕಾದುದು ಒಂದು ಅಂಕಿ. ಅಪ್ರಸ್ತುತದವರ ಪ್ರಶ್ನೆ ಒಂದು ಚುರುಕಾದ ಉತ್ತರದೊಂದಿಗೆ ತೀರಿಹೋಗುತ್ತದೆ, ಅದು ಹೊಸ ಹೊಣೆಯನ್ನೇನೂ ಬಿಟ್ಟುಹೋಗುವುದಿಲ್ಲ. ಕೊನೆಯಲ್ಲಿ ಧಾರಣ: ಎಲ್ಲ ಪದ್ಯಗಳನ್ನೂ ಪೂರ್ಣವಾಗಿ ಒಪ್ಪಿಸಿದಾಗ ಎಲ್ಲ ಲೆಕ್ಕವೂ ತೀರುತ್ತದೆ. ನಮ್ಮ ತಿಳಿವಳಿಕೆಯಲ್ಲಿ ಅವಧಾನವು ಒಟ್ಟೊಟ್ಟಿಗೆ ಹಲವು ಕೆಲಸ ಮಾಡುವ ಕಲೆಯಲ್ಲ. ಒಂದು ಕ್ಷಣಕ್ಕೆ ಒಬ್ಬನೇ ಪೃಚ್ಛಕನಿಗೆ ಪೂರ್ತಿಯಾಗಿ ಸಲ್ಲುವ ಕಲೆ. ಇದು ಪ್ರಯೋಗಶಾಲೆಯ ನಿರ್ಣಯವಲ್ಲ, ಆ ಕಲೆಯ ಕಟ್ಟಳೆಗಳಿಂದ ನಾವು ಮಾಡಿದ ಅನುಮಾನ. ಆದರೆ ಹೆಸರಿನಲ್ಲಿಯೇ ಸೂಚನೆಯಿದೆ: ‘ಅವಧಾನ’ವೆಂದರೆ ಗಮನವಿರಿಸುವುದು. ಇದರ ಜೊತೆಗೆ ಹಲವು ವರ್ಷಗಳ ಕಾವ್ಯವ್ಯಾಸಂಗದ ಬಲವೂ ಇರುತ್ತದೆ; ಮತ್ತು ಅವಧಾನಿಯು ಅದನ್ನು ಕೆಲವು ಗಂಟೆಗಳ ಕಾಲ ಮಾಡುತ್ತಾನೆ, ಪ್ರತಿನಿತ್ಯ ಬೆಳಗಿನಿಂದ ರಾತ್ರಿಯವರೆಗೆ ಅಲ್ಲ.

ಕಾಲೇಜಿನ ದಿನವನ್ನು ಇದರ ಪಕ್ಕದಲ್ಲಿರಿಸಿ ನೋಡಿದರೆ ವ್ಯತ್ಯಾಸ ಎದ್ದುಕಾಣುತ್ತದೆ. ಅಲ್ಲಿ ಪೃಚ್ಛಕರಿಗೆ ಸರದಿಯಿಲ್ಲ, ಎಲ್ಲರೂ ಅಪ್ರಸ್ತುತ ಪ್ರಸಂಗದವರೇ. ಪಾಠಕ್ಕೆ ಸಿದ್ಧವಾಗುತ್ತಿರುವಾಗ ಹಾಜರಿಯ ವಿವರ ಬೇಕೆಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಸಂದೇಶ ಬರುತ್ತದೆ. ಅದನ್ನು ತೆಗೆಯುವಷ್ಟರಲ್ಲಿ ಆಂತರಿಕ ಅಂಕಗಳನ್ನು ಇಂದೇ ತುಂಬಬೇಕೆಂಬ ಸೂಚನೆ. ಅದರ ಕೆಳಗೆ ಯಾರದೋ ಹುಟ್ಟುಹಬ್ಬದ ಶುಭಾಶಯಗಳು ಮೂವತ್ತು. ತುರ್ತಾದುದಕ್ಕೂ ತುರ್ತಲ್ಲದುದಕ್ಕೂ ಒಂದೇ ಸದ್ದು. ಜೆರ್ಸಿಲ್ಡರ ಪಟ್ಟಿಯಲ್ಲಿದ್ದಂತೆ ವಸ್ತುವು ತನ್ನ ನಿಯಮವನ್ನು ತಾನೇ ಹೇಳುವ ಅನುಕೂಲ ಇಲ್ಲಿಲ್ಲ. ವಿದ್ಯಾರ್ಥಿಯ ಪಾಡು ಬೇರೆಯಲ್ಲ. ಉಪನ್ಯಾಸವನ್ನು ಕೇಳಿ ಟಿಪ್ಪಣಿ ಬರೆಯುವುದು ಒಂದೇ ಕೆಲಸದ ಎರಡು ಮುಖ. ಡೆಸ್ಕಿನ ಕೆಳಗೆ ಫೋನು ನೋಡುವುದು ಹಾಗಲ್ಲ, ಅದೂ ಭಾಷೆ, ಇದೂ ಭಾಷೆ, ಎರಡೂ ಒಂದೇ ಸಾಮಗ್ರಿಗೆ ಹಕ್ಕು ಹೂಡುತ್ತವೆ.

ಆದರೆ ಪರಿಹಾರವೆಂದರೆ ಫೋನನ್ನು ಎಸೆಯುವುದು ಎಂದು ತೀರ್ಮಾನಿಸುವವರ ಮಾತಿಗೆ ಪ್ರಯೋಗಗಳ ಬೆಂಬಲವಿಲ್ಲ. ಕುಶ್ಲೆವ್ ಮತ್ತು ಡನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 124 ಮಂದಿ ಒಂದು ವಾರ ದಿನಕ್ಕೆ ಮೂರೇ ಬಾರಿ ಇ-ಮೇಲ್ ನೋಡಿದರು, ಮತ್ತೊಂದು ವಾರ ಮಿತಿಯಿಲ್ಲದೆ ನೋಡಿದರು. ಮಿತಿಯಿದ್ದ ವಾರದಲ್ಲಿ ದೈನಂದಿನ ಒತ್ತಡ ಕಡಿಮೆಯಿತ್ತು. ನಮಗೆ ಇನ್ನೂ ಹತ್ತಿರವಾದುದು ಭಾರತದಲ್ಲಿಯೇ 237 ಮಂದಿ ಫೋನ್ ಬಳಕೆದಾರರ ಮೇಲೆ ಎರಡು ವಾರಗಳ ಕಾಲ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗ. ಒಂದು ಗುಂಪಿಗೆ ಸಂದೇಶದ ಸೂಚನೆಗಳು ಎಂದಿನಂತೆ ಬಂದವು. ಒಂದಕ್ಕೆ ಗಂಟೆಗೊಮ್ಮೆ ಕಟ್ಟಾಗಿ ಬಂದವು. ಒಂದಕ್ಕೆ ದಿನಕ್ಕೆ ಮೂರು ಸಲ. ಮತ್ತೊಂದಕ್ಕೆ ಬರಲೇ ಇಲ್ಲ. ಮೂರು ಸಲ ಪಡೆದವರಲ್ಲಿ ಗಮನ ಹೆಚ್ಚಿತು, ಒತ್ತಡ ತಗ್ಗಿತು, ಫೋನಿನ ಮೇಲೆ ತಮಗೆ ಹಿಡಿತವಿದೆಯೆಂಬ ಭಾವನೆ ಬಂದಿತು. ಸೂಚನೆಯೇ ಇಲ್ಲದವರಿಗೆ ಈ ಲಾಭ ಅಷ್ಟಾಗಿ ದೊರೆಯಲಿಲ್ಲ. ಏನೋ ತಪ್ಪಿಹೋಗುತ್ತಿದೆಯೆಂಬ ಕಳವಳ ಅವರಲ್ಲಿ ಹೆಚ್ಚಿತು. ಮನಸ್ಸಿಗೆ ಬೇಕಾಗಿರುವುದು ಮೌನವಲ್ಲ, ಸರದಿ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಸೇರಿಸಬೇಕು. ಹಲವು ಮಾಧ್ಯಮಗಳನ್ನು ಒಟ್ಟಿಗೆ ಬಳಸುವವರ ಗಮನಶಕ್ತಿ ದುರ್ಬಲವಾಗಿರುತ್ತದೆಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಓಫಿರ್, ನಾಸ್ ಮತ್ತು ವ್ಯಾಗ್ನರ್ 2009ರಲ್ಲಿ ಬರೆದ ಲೇಖನ ಬಹಳ ಪ್ರಚಾರ ಪಡೆಯಿತು. ಆದರೆ ಅನಂತರದ ಅಧ್ಯಯನಗಳ ಫಲಿತಾಂಶಗಳು ಏಕರೂಪವಾಗಿಲ್ಲ, ಮತ್ತು ಅಭ್ಯಾಸದಿಂದ ದೌರ್ಬಲ್ಯವೋ ದೌರ್ಬಲ್ಯದಿಂದ ಅಭ್ಯಾಸವೋ ಎಂಬುದನ್ನು ಅಂತಹ ಹೋಲಿಕೆ ಹೇಳಲಾರದು. ಇನ್ನು, ವ್ಯಕ್ತಿವ್ಯತ್ಯಾಸ ಇದ್ದೇ ಇದೆ. ವಾಟ್ಸನ್ ಮತ್ತು ಸ್ಟ್ರೇಯರ್ 2010ರಲ್ಲಿ 200 ಮಂದಿಯನ್ನು ಕೃತಕ ವಾಹನಚಾಲನೆಯ ಜೊತೆಗೆ ಫೋನಿನ ಮೂಲಕ ಒಂದು ಸ್ಮೃತಿಪರೀಕ್ಷೆಗೂ ಒಳಪಡಿಸಿದಾಗ ಶೇಕಡ 2.5ರಷ್ಟು ಮಂದಿಗೆ ಯಾವ ನಷ್ಟವೂ ಆಗಲಿಲ್ಲ. ಆ ಐದು ಜನರಲ್ಲಿ ತಾನೂ ಒಬ್ಬನೆಂದು ಭಾವಿಸುವವರ ಸಂಖ್ಯೆ ಮಾತ್ರ ಐದಕ್ಕಿಂತ ಬಹಳ ಹೆಚ್ಚಾಗಿರಬಹುದು.

ಒಬ್ಬೊಬ್ಬ ಅಧ್ಯಾಪಕನು ತನ್ನಷ್ಟಕ್ಕೆ ಮಾಡಿಕೊಳ್ಳಬಹುದಾದ ಏರ್ಪಾಟುಗಳಿವೆ. ಉತ್ತರಪತ್ರಿಕೆಗಳನ್ನು ನೋಡುವಾಗ ಇಡೀ ಪತ್ರಿಕೆಯನ್ನು ಒಂದೇ ಬಾರಿಗೆ ಮುಗಿಸದೆ, ಎಲ್ಲರ ಮೊದಲನೆಯ ಉತ್ತರ, ಆಮೇಲೆ ಎಲ್ಲರ ಎರಡನೆಯ ಉತ್ತರ ಎಂದು ನೋಡಿದರೆ ಮನಸ್ಸು ಒಂದೇ ಮಾನದಂಡವನ್ನು ಹಿಡಿದಿರುತ್ತದೆ. ಅಂಕಗಳಲ್ಲಿ ಸಮತೆಯೂ ಬರುತ್ತದೆ. ಆದರೆ ಸರದಿಯನ್ನು ಸ್ಥಾಪಿಸುವ ಹೊಣೆಯನ್ನೆಲ್ಲ ವ್ಯಕ್ತಿಯ ಮನೋನಿಗ್ರಹದ ಮೇಲೆ ಹೊರಿಸುವುದು ನ್ಯಾಯವಲ್ಲ. ಗುಂಪಿನಲ್ಲಿ ಬಂದ ಸೂಚನೆಯನ್ನು ತಕ್ಷಣ ನೋಡದ ಕಿರಿಯ ಅಧ್ಯಾಪಕನಿಗೆ ಆಕ್ಷೇಪಣೆಯ ಭಯವಿರುವಾಗ ಅವನಿಗೆ ಏಕಾಗ್ರತೆಯನ್ನು ಉಪದೇಶಿಸಿ ಫಲವೇನು? ಸಂಸ್ಥೆಯೇ ಸೂಚನೆಗಳನ್ನು ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಕೂಡಿಸಿ ಕಳುಹಿಸಿ, ನಿಜವಾಗಿ ತುರ್ತಾದುದನ್ನು ಫೋನು ಮಾಡಿ ತಿಳಿಸುವ ಪದ್ಧತಿಯನ್ನಿಟ್ಟುಕೊಂಡರೆ ಅದಕ್ಕೆ ಒಂದು ಕಾಸಿನ ವೆಚ್ಚವೂ ಇಲ್ಲ.

ಜೆರ್ಸಿಲ್ಡರ ಪ್ರಯೋಗವನ್ನು ತರಗತಿಯಲ್ಲಿ ಮಾಡಿಸಬಯಸುವ ಅಧ್ಯಾಪಕರಿಗೆ ಒಂದು ಸೂಚನೆಯನ್ನು ಕೊಡಬೇಕಾಗಿದೆ. ಸಾಲಿಗೆ ಇಪ್ಪತ್ತೈದು ಸಂಖ್ಯೆಗಳಿದ್ದರೆ ಸಾಕು. ಅರ್ಧ ತರಗತಿಗೆ ಬೆರಕೆ ಸಾಲನ್ನು ಮೊದಲು, ಉಳಿದರ್ಧಕ್ಕೆ ಕೊನೆಯಲ್ಲಿ ಕೊಡಬೇಕು. ಇಲ್ಲವಾದರೆ ಅಭ್ಯಾಸದ ಫಲವು ಲೆಕ್ಕದೊಳಗೆ ಸೇರಿಕೊಳ್ಳುತ್ತದೆ. ಸಾಮಾನ್ಯವಾಗಿ ಹಿಡಿದ ಸೆಕೆಂಡುಗಳನ್ನೂ ತಪ್ಪುಗಳನ್ನೂ ಬರೆದುಕೊಂಡು ಪ್ರಯೋಗವನ್ನು ಮುಗಿಸುತ್ತಾರೆ. ಪ್ರತಿ ಸಾಲು ಮುಗಿದೊಡನೆ, ಎಷ್ಟು ಪ್ರಯಾಸವಾಯಿತೆಂಬುದನ್ನು ಒಂದರಿಂದ ಹತ್ತರವರೆಗಿನ ಅಂಕಿಯಲ್ಲಿ ವಿದ್ಯಾರ್ಥಿಗಳಿಂದಲೇ ಬರೆಸಿಕೊಂಡು, ಅದನ್ನು ಸೆಕೆಂಡುಗಳ ಪಕ್ಕದ ಅಂಕಣದಲ್ಲಿ ನಮೂದಿಸಬೇಕೆಂದು ನಮ್ಮ ಕೋರಿಕೆ.